ಶಿಲ್ಕು ಎಣಿಸಿದವರು ಯಾರು ಸ್ವಾಮಿ?

ಸೆಪ್ಟೆಂಬರ್ ಬಂತೆಂದರೆ ದಾವಣಗೆರೆಯಲ್ಲಿ ಮಹಾಸಭೆಗಳ ಸುಗ್ಗಿ. ಮದುವೆ ಮುಹೂರ್ತಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ. ಹೀಗಾಗಿ ಭಾನುವಾರ ಬೆಳಿಗ್ಗೆ ಎಲ್ಲಿ ನೋಡಿದರೂ ಮೈಕು, ಹೂವಿನ ಹಾರ, ‘ವಾರ್ಷಿಕ ಸರ್ವ ಸದಸ್ಯರ ಸಭೆ’ ಎಂಬ ಬ್ಯಾನರು. ಒಳಗೆ ವೇದಿಕೆ ಮೇಲೆ ನಿರ್ದೇಶಕರು, ಹೊರಗೆ ಒಲೆ ಮೇಲೆ ಉಪ್ಪಿಟ್ಟು-ಕೇಸರಿಬಾತು. ಸದಸ್ಯರ ಕಣ್ಣು ಯಾವ ಕಡೆ ಇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇಂಥದೊಂದು ಪತ್ತಿನ ಸಂಘದ ಸಭೆಗೆ ಈ ಅಂಕಣಕಾರನೂ ಹೋಗಿದ್ದ. ಸಂಘದ ಹೆಸರು ಬೇಡ. ವಿಷಯ ಪಟ್ಟಿಯಲ್ಲಿ ನಾಲ್ಕನೆಯದು, ‘ಲೆಕ್ಕ ಪರಿಶೋಧನಾ ವರದಿಯನ್ನು ಓದಿ ಅಂಗೀಕರಿಸುವುದು.’ ಕಾರ್ಯದರ್ಶಿಗಳು ಮೈಕ್ ಹಿಡಿದು, ‘ಪುಸ್ತಕ ಎಲ್ಲರ ಕೈಲೂ ಐತೆ, ಓದಿದೆ ಅಂತ ಭಾವಿಸೋಣ’ ಅಂದರು. ಭಾವಿಸಲಾಯಿತು. ಚಪ್ಪಾಳೆ. ನಲವತ್ತೆಂಟು ಪುಟದ ಪುಸ್ತಕ ಅರ್ಧ ನಿಮಿಷದಲ್ಲಿ ಪಾಸು!

ಆಗ ಎದ್ದರು ಹಿಂದಿನ ಸಾಲಿನ ಒಬ್ಬ ಹಿರಿಯರು. ವಯಸ್ಸು ಎಂಬತ್ತರ ಹತ್ತಿರ. ನಮ್ಮೂರಿನ ಹತ್ತಿ ಮಿಲ್ಲು ಓಡುತ್ತಿದ್ದ ಕಾಲದಲ್ಲಿ ಗೋದಾಮಿನಲ್ಲಿ ಬೇಲು ಎಣಿಸುತ್ತಿದ್ದವರು. ಮಿಲ್ಲಿನಿಂದ ಬಂದ ಹಣಕ್ಕೆ ಮಗಳ ಮನೆಯವರು ಕೊಟ್ಟಿದ್ದನ್ನೂ ಸೇರಿಸಿ ನಾಲ್ಕು ಲಕ್ಷ ರೂಪಾಯಿಯನ್ನು ಇದೇ ಸಂಘದಲ್ಲಿ ಠೇವಣಿ ಇಟ್ಟಿದ್ದಾರೆ. ಅವರು ಕೇಳಿದ್ದು ಇಷ್ಟೇ:

‘ಮೂವತ್ತಾರನೇ ಪುಟದಾಗೆ ಆಡಿಟರ್ ಒಂದು ಮಾತು ಬರ್ದಾರೆ. ಸಂಘ ಬೇರೆ ಬ್ಯಾಂಕ್‌ನಾಗೆ ಇಟ್ಟಿರೋ ಡಿಪಾಜಿಟ್‌ಗೆ ಆ ಬ್ಯಾಂಕಿನ ದೃಢೀಕರಣ ಪತ್ರ ಹಾಜರುಪಡಿಸಿಲ್ಲ ಅಂತ. ಅಂದ್ರೆ ಆ ದುಡ್ಡು ಐತೋ ಇಲ್ವೋ? ಆಡಿಟರ್ ಎಲ್ಲವ್ರೆ? ಅವ್ರೇ ಹೇಳ್ಲಿ.’

ಅಧ್ಯಕ್ಷರು ನಕ್ಕರು. ‘ಅದೆಲ್ಲ ಟೆಕ್ನಿಕಲ್ ಯಜಮಾನ್ರೇ, ಕುತ್ಕಳ್ರಿ. ನಮಗೆ ಎ ಗ್ರೇಡ್ ಬಂದೈತೆ.’ ಮತ್ತೆ ಚಪ್ಪಾಳೆ. ಆಡಿಟರ್ ಸಭೆಗೇ ಬಂದಿರಲಿಲ್ಲ. ವಂದನಾರ್ಪಣೆ ಮುಗಿಯುವ ಮುಂಚೆಯೇ ಉಪ್ಪಿಟ್ಟಿನ ಸಾಲು ಬಾಗಿಲು ದಾಟಿತ್ತು.

ಆ ಸಂಘದಲ್ಲಿ ದುಡ್ಡಿಲ್ಲ ಎಂದು ನಾನು ಹೇಳುತ್ತಿಲ್ಲ, ಇರಬಹುದು. ಕಾಗದ ತರುವುದು ಗುಮಾಸ್ತನ ಸೋಮಾರಿತನದಿಂದ ಉಳಿದಿರಬಹುದು. ಆದರೆ ಆ ಯಜಮಾನರು ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಹದಿನೈದಿಪ್ಪತ್ತು ವರ್ಷದ ಹಿಂದೆ ಹೈದರಾಬಾದಿನಲ್ಲಿ ಒಬ್ಬರೇ ಒಬ್ಬರು ಸರಿಯಾಗಿ ಕೇಳಿ ಉತ್ತರಕ್ಕೆ ಪಟ್ಟು ಹಿಡಿದಿದ್ದರೆ ಲಕ್ಷಾಂತರ ಜನ ಷೇರುದಾರರ ದುಡ್ಡು ಉಳಿಯುತ್ತಿತ್ತು.

‘ಸತ್ಯಂ’ ಎಂಬ ಹೆಸರಿನ ಸುಳ್ಳು

ನಾನು ಪಿಯುಸಿ ಕಾಮರ್ಸನ್ನು ನಡುದಾರಿಯಲ್ಲಿ ಬಿಟ್ಟವನು. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಎನ್ನುವಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಆದರೂ ಸತ್ಯಂ ಕಥೆ ಅರ್ಥವಾಗುವುದಕ್ಕೆ ಅಷ್ಟು ಸಾಕು.

2009ರ ಜನವರಿ 7. ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮದೇ ನಿರ್ದೇಶಕ ಮಂಡಳಿಗೆ ಒಂದು ಕಾಗದ ಬರೆದರು. ಹಿಂದಿನ ಸೆಪ್ಟೆಂಬರ್ ಕೊನೆಗೆ ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು ತೋರಿಸಿದ್ದು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಇಲ್ಲದ ದುಡ್ಡಿನ ಮೇಲೆ 376 ಕೋಟಿ ಬಡ್ಡಿಯೂ ಬರಬೇಕಾಗಿದೆ ಎಂದು ಬರೆದಿದ್ದರು! ಆ ತ್ರೈಮಾಸಿಕದಲ್ಲಿ ತೋರಿಸಿದ ಲಾಭ 649 ಕೋಟಿ, ನಿಜವಾಗಿ ಬಂದದ್ದು 61 ಕೋಟಿ. ವರ್ಷಗಟ್ಟಲೆ ಹಿಗ್ಗಿಸುತ್ತಾ ಬಂದ ಲೆಕ್ಕ ಕೊನೆಗೆ ಹುಲಿ ಸವಾರಿಯಾಗಿಬಿಟ್ಟಿತು, ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬ ಅರ್ಥದ ಮಾತೂ ಆ ಕಾಗದದಲ್ಲಿತ್ತು.

ಇದಕ್ಕೆ ಮೂರು ವಾರ ಮುಂಚೆ ರಾಜು ಕುಟುಂಬದ ಮೇಟಾಸ್ ಎಂಬ ಕಂಪನಿಗಳನ್ನು ಸತ್ಯಂ ದುಡ್ಡಿನಲ್ಲಿ ಕೊಳ್ಳುವ ಹವಣಿಕೆ ನಡೆದಿತ್ತು. ಸತ್ಯಂ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ಮೇಟಾಸ್. ಹೆಸರಿನಲ್ಲೇ ಸತ್ಯವನ್ನು ತಲೆಕೆಳಗು ಮಾಡಿದ್ದರು, ನೋಡಿದವರಿಲ್ಲ. ಷೇರುದಾರರು ಗಲಾಟೆ ಮಾಡಿದ್ದರಿಂದ ಆ ವ್ಯಾಪಾರ ಮುರಿಯಿತು, ತೇಪೆ ಹಾಕುವ ಕೊನೆಯ ದಾರಿಯೂ ಮುಚ್ಚಿತು.

ಈಗ ಆಡಿಟರ್ ವಿಷಯಕ್ಕೆ ಬರೋಣ. 2000ದಿಂದ ಸತ್ಯಂ ಲೆಕ್ಕ ನೋಡುತ್ತಿದ್ದದ್ದು ಪ್ರೈಸ್ ವಾಟರ್‌ಹೌಸ್, ಪ್ರಪಂಚದ ನಾಲ್ಕು ದೊಡ್ಡ ಆಡಿಟ್ ಬಳಗಗಳ ಪೈಕಿ ಒಂದರ ಭಾರತದ ಸಂಸ್ಥೆ. ವರ್ಷವರ್ಷವೂ ಅವರು ‘ಸತ್ಯವೂ ನ್ಯಾಯವೂ ಆದ ಚಿತ್ರಣ’ ಎಂದು ಸಹಿ ಹಾಕಿದರು. ಐದು ಸಾವಿರ ಕೋಟಿ ಶಿಲ್ಕು ಇಲ್ಲದಿದ್ದದ್ದು ಅವರಿಗೆ ಕಾಣಲಿಲ್ಲವೇ? ಒಂದು ಕಿರಾಣಿ ಅಂಗಡಿ ಮಾರುವಾಗಲೂ ಕೊಳ್ಳುವವನು ಗಲ್ಲಾ ಪೆಟ್ಟಿಗೆ ತೆಗೆಸಿ ನೋಡುತ್ತಾನಲ್ಲ!

ಅಮೆರಿಕದಲ್ಲೂ ಸತ್ಯಂ ಷೇರು ಮಾರಾಟಕ್ಕಿತ್ತು. ಹಾಗಾಗಿ ಅಲ್ಲಿನ ಷೇರುಪೇಟೆ ನಿಯಂತ್ರಕರು ಮತ್ತು ಆಡಿಟ್ ಮೇಲ್ವಿಚಾರಣೆ ಮಂಡಳಿ ತನಿಖೆ ಮಾಡಿ 2011ರ ಏಪ್ರಿಲ್‌ನಲ್ಲಿ ಕ್ರಮ ಕೈಗೊಂಡರು. ಅವರು ಕಂಡುಕೊಂಡ ಮುಖ್ಯ ಲೋಪ ಯಾವುದೋ ಗೂಢ ವಿದ್ಯೆಯದಲ್ಲ. ‘ನಿಮ್ಮಲ್ಲಿ ಈ ಕಂಪನಿಯ ಇಷ್ಟು ಹಣ ಇದೆಯೇ?’ ಎಂದು ಬ್ಯಾಂಕಿಗೆ ಪತ್ರ ಬರೆಯಬೇಕಾದವರು ಆಡಿಟರು, ಉತ್ತರ ನೇರವಾಗಿ ಬರಬೇಕಾದದ್ದೂ ಅವರ ಕೈಗೇ. ಇಲ್ಲಿ ಆ ಕೆಲಸವನ್ನೇ ಕಂಪನಿಯವರ ಕೈಗೆ ಬಿಟ್ಟುಕೊಟ್ಟಿದ್ದರು. ಕಂಪನಿಯವರೇ ಪತ್ರ ಕಳಿಸಿ, ಕಂಪನಿಯವರೇ ಉತ್ತರ ತಂದುಕೊಟ್ಟರು. ಪರೀಕ್ಷೆ ಬರೆದ ಹುಡುಗನ ಕೈಗೇ ಅಂಕಪಟ್ಟಿ ಕೊಟ್ಟು, ‘ತುಂಬಿಸಿಕೊಂಡು ಬಾರಪ್ಪ’ ಅಂದ ಹಾಗೆ. ಆ ಬಳಗದ ಭಾರತದ ಸಂಸ್ಥೆಗಳು ಎರಡೂ ಕಡೆಗೆ ಸೇರಿ 75 ಲಕ್ಷ ಡಾಲರ್ ದಂಡ ಕಟ್ಟಿದವು.

ನಮ್ಮಲ್ಲಿ? 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತು ಮಂದಿಗೆ ಏಳು ವರ್ಷ ಜೈಲು ವಿಧಿಸಿತು. ಅದರಲ್ಲಿ ಇಬ್ಬರು ಆಡಿಟ್ ಸಂಸ್ಥೆಯ ಮಾಜಿ ಪಾಲುದಾರರು. ಮರು ತಿಂಗಳೇ ಮೇಲಿನ ನ್ಯಾಯಾಲಯ ಶಿಕ್ಷೆ ಅಮಾನತ್ತಿನಲ್ಲಿಟ್ಟು ಜಾಮೀನು ಕೊಟ್ಟಿತು. 2018ರಲ್ಲಿ ಸೆಬಿ ಆ ಸಂಸ್ಥೆಗೆ ಎರಡು ವರ್ಷ ಷೇರುಪೇಟೆ ಕಂಪನಿಗಳ ಆಡಿಟ್ ಮಾಡದಂತೆ ನಿಷೇಧ ಹಾಕಿತು. 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ತೆಗೆದುಹಾಕಿತು. ಅಜಾಗರೂಕತೆ ಕಂಡಿದೆ, ವಂಚನೆಯಲ್ಲಿ ಕೈಗೂಡಿಸಿದ್ದಕ್ಕೆ ಸಾಕ್ಷ್ಯ ಕಾಣದು ಎಂಬುದು ಅದರ ತರ್ಕ. ಸುಮಾರು 13 ಕೋಟಿ ಫೀಜು ವಾಪಸ್ ಕಟ್ಟುವ ಆದೇಶ ಮಾತ್ರ ಉಳಿಯಿತು. ಹತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಸತ್ಯಂ ಎಂಬ ಕಂಪನಿಯೇ ಟೆಕ್ ಮಹೀಂದ್ರದೊಳಗೆ ಕರಗಿ ಹೋಗಿತ್ತು.

ಹತ್ತಿ ಊರಿನವರಿಗೆ ಗೊತ್ತಿರಬೇಕಾದ ಕೇಸು

ಆಡಿಟರ್ ಎಲ್ಲಿವರೆಗೆ ಹೊಣೆ ಎಂಬ ಜಗಳ ಹೊಸದೇನಲ್ಲ. ವಕೀಲರೂ ಆಡಿಟರುಗಳೂ ಈಗಲೂ ಹೇಳುವ ಒಂದು ಹಳೇ ಕೇಸು 1896ರದ್ದು, ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್‌ದು. ಮಿಲ್ಲಿನ ಮ್ಯಾನೇಜರ್ ವರ್ಷಗಟ್ಟಲೆ ಹತ್ತಿ ಮತ್ತು ನೂಲಿನ ದಾಸ್ತಾನನ್ನು ಹೆಚ್ಚು ಹೆಚ್ಚು ತೋರಿಸಿದ. ಆಡಿಟರುಗಳು ಗೋದಾಮಿಗೆ ಹೋಗಲಿಲ್ಲ, ಮ್ಯಾನೇಜರ್ ಕೊಟ್ಟ ಸರ್ಟಿಫಿಕೇಟು ನಂಬಿ ಸಹಿ ಮಾಡಿದರು. ಇಲ್ಲದ ಲಾಭಕ್ಕೆ ಡಿವಿಡೆಂಡೂ ಹಂಚಿಹೋಯಿತು. ನ್ಯಾಯಮೂರ್ತಿ ಲೋಪ್ಸ್ ಅವರು ಆಡಿಟರುಗಳ ಮೇಲೆ ತಪ್ಪು ಹೊರಿಸಲಿಲ್ಲ. ಆಡಿಟರ್ ಕಾವಲು ನಾಯಿಯೇ ಹೊರತು ಬೇಟೆ ನಾಯಿಯಲ್ಲ, ಅನುಮಾನಕ್ಕೆ ಕಾರಣವಿಲ್ಲದಿದ್ದಾಗ ಕಂಪನಿಯ ನಂಬಿಗಸ್ತ ನೌಕರನ ಮಾತು ನಂಬಬಹುದು ಎಂದರು.

ಈ ಕಥೆಯನ್ನು ಬೇಲು ಎಣಿಸುತ್ತಿದ್ದ ನಮ್ಮ ಯಜಮಾನರಿಗೆ ಹೇಳಿದೆ. ಅವರು ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, ‘ನಾವು ಬೇಲು ಮುಟ್ಟಿ ಎಣಿಸ್ದೆ ಚೀಟಿಗೆ ಸೈನು ಹಾಕ್ತಿರ್ಲಿಲ್ಲಪ್ಪ. ಒಂದು ಬೇಲು ಕಮ್ಮಿ ಬಂದ್ರೆ ನಮ್ಮ ಪಗಾರದಾಗೆ ಮುರ್ಕತಿದ್ರು’ ಅಂದರು. ಲೋಪ್ಸ್ ಸಾಹೇಬರ ತೀರ್ಪಿಗೆ ನಮ್ಮೂರಿನ ಗೋದಾಮಿನಿಂದ ಬಂದ ಮೇಲ್ಮನವಿ ಇದು.

ಕಾಲ ಕಳೆದಂತೆ ಕಾನೂನೂ ಯಜಮಾನರ ಕಡೆಗೇ ವಾಲಿದೆ. ಈಗಿನ ಆಡಿಟ್ ನಿಯಮಗಳಲ್ಲಿ ದಾಸ್ತಾನು ಎಣಿಸುವ ಕಡೆ ಆಡಿಟರ್ ಹೋಗಿ ನಿಲ್ಲಬೇಕು, ಬ್ಯಾಂಕಿಗೂ ಬಾಕಿದಾರರಿಗೂ ಬರೆಯುವ ಪತ್ರದ ಹಿಡಿತ ತನ್ನ ಕೈಲೇ ಇಟ್ಟುಕೊಳ್ಳಬೇಕು. 2013ರ ಕಂಪನಿ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಒಂದು ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟ ವಂಚನೆ ಕಂಪನಿಯೊಳಗೆ ನಡೆದಿದೆ ಎಂದು ನಂಬಲು ಕಾರಣ ಸಿಕ್ಕರೆ ಆಡಿಟರ್ ಮೊದಲು ನಿರ್ದೇಶಕರಿಂದ ಉತ್ತರ ಕೇಳಿ, ಆಮೇಲೆ ಕೇಂದ್ರ ಸರ್ಕಾರಕ್ಕೇ ವರದಿ ಮಾಡಬೇಕು. ಬಾಯಿ ಮುಚ್ಚಿಕೊಂಡು ಕೂರುವ ಹಾಗಿಲ್ಲ. ಷೇರುಪೇಟೆಯ ಕಂಪನಿಗಳಲ್ಲಿ ಒಂದೇ ಆಡಿಟ್ ಸಂಸ್ಥೆ ಹತ್ತು ವರ್ಷಕ್ಕಿಂತ ಹೆಚ್ಚು ಬೇರು ಬಿಡುವಂತಿಲ್ಲ. ಲೆಕ್ಕ ನೋಡುವವನೇ ಲೆಕ್ಕ ಬರೆದುಕೊಡುವುದಕ್ಕೂ ತಡೆ ಇದೆ.

ಹಾಗಂತ ಎಲ್ಲವನ್ನೂ ಆಡಿಟರ್ ತಲೆಗೆ ಕಟ್ಟುವುದೂ ಅನ್ಯಾಯ. ಲೆಕ್ಕ ಸರಿಯಾಗಿ ಇಡುವ ಮೊದಲ ಜವಾಬ್ದಾರಿ ನಿರ್ದೇಶಕರದು. ಆಡಿಟರ್ ಪ್ರತಿ ವೋಚರೂ ನೋಡುವುದಿಲ್ಲ, ಮಾದರಿಗೆ ಕೆಲವು ಎತ್ತಿ ನೋಡುತ್ತಾನೆ. ಒಳಗಿನ ನಾಲ್ಕು ಜನ ಸೇರಿ ನಕಲಿ ಬಿಲ್ಲು ತಯಾರಿಸಿದರೆ ಮೋಸ ಹೋಗಬಹುದು. ಸತ್ಯಂನಲ್ಲಿ ಏಳು ಸಾವಿರಕ್ಕೂ ಮಿಕ್ಕಿ ನಕಲಿ ಬಿಲ್ಲುಗಳು ತನಿಖೆಯಲ್ಲಿ ಸಿಕ್ಕವು. ಬಿಲ್ಲಿನ ವಿಷಯದಲ್ಲಿ ಏಮಾರಿದ ಅಂದರೆ ಒಪ್ಪಬಹುದೇನೋ. ಬ್ಯಾಂಕಿನಲ್ಲಿರುವ ಶಿಲ್ಕಿನ ವಿಷಯದಲ್ಲಿ?

ಫೀಜು ಕೊಡುವ ಕೈ

ನನಗೆ ಪರಿಚಯದ ಒಬ್ಬ ಆಡಿಟರ್ ಇದ್ದಾರೆ. ಪ್ರಾಮಾಣಿಕ ಮನುಷ್ಯ, ಹೆಸರು ಹಾಕಬೇಡಿ ಎಂದು ಕೈ ಮುಗಿದರು. ಸಂಜೆ ಅವರ ಆಫೀಸಿನಲ್ಲಿ ಕಾಫಿ ಕುಡಿಯುತ್ತಾ ಕೇಳಿದೆ: ‘ಅಲ್ಲ ಸರ್, ತಪ್ಪು ಕಂಡರೂ ಯಾಕೆ ಬರೆಯೋಲ್ಲ?’

‘ಬರೀತೀವ್ರೀ. ಬರೆದ್ರೆ ಅಧ್ಯಕ್ಷರು ಫೋನ್ ಮಾಡ್ತಾರೆ. ಸರ್, ಆ ಪದ ಸ್ವಲ್ಪ ಮೆತ್ತಗೆ ಮಾಡಿ ಅಂತಾರೆ. ಮಾಡ್ಲಿಲ್ಲ ಅಂದ್ರೆ ಮುಂದಿನ ವರ್ಷ ಫೈಲು ಇನ್ನೊಬ್ರ ಟೇಬಲ್ ಮೇಲೆ. ನಮ್ ಆಫೀಸ್ ಬಾಡಿಗೆ, ಹುಡುಗರ ಸಂಬಳ ಯಾರು ಕೊಡ್ತಾರೆ?’

ಇದೇ ಗಂಟು. ಕಾಗದದ ಮೇಲೆ ಆಡಿಟರನ್ನು ನೇಮಿಸುವವರು, ಫೀಜು ಗೊತ್ತು ಮಾಡುವವರು ಮಹಾಸಭೆಯ ಷೇರುದಾರರು. ವಾಸ್ತವದಲ್ಲಿ ನಿರ್ದೇಶಕರು ಹೆಸರು ತರುತ್ತಾರೆ, ಸಭೆ ಕೈ ಎತ್ತುತ್ತದೆ. ಫೀಜಿನ ಅಧಿಕಾರವನ್ನೂ ‘ಮಂಡಳಿಗೆ ಬಿಡಲಾಗಿದೆ’ ಎಂದು ಒಂದು ಸಾಲಿನಲ್ಲಿ ಒಪ್ಪಿಸುತ್ತದೆ. ಯಾರ ಲೆಕ್ಕ ನೋಡಬೇಕೋ ಅವರ ಕೈಯಿಂದಲೇ ಅನ್ನ! ಯಾರ ಪರವಾಗಿ ನೋಡಬೇಕೋ ಆ ಷೇರುದಾರನ, ಠೇವಣಿದಾರನ ಮುಖವನ್ನು ಆಡಿಟರ್ ಕಂಡಿರುವುದೇ ಇಲ್ಲ.

ಮೆತ್ತಗೆ ಮಾಡಿದ ಪದಗಳ ವಿಷಯ ಓದುಗರು ಸ್ವಲ್ಪ ತಿಳಿದಿರಲಿ. ವರದಿ ಶುದ್ಧವಾಗಿದ್ದರೆ ಆಡಿಟರ್ ಹೆಚ್ಚು ಮಾತಾಡುವುದಿಲ್ಲ. ‘ಇದನ್ನು ಹೊರತುಪಡಿಸಿ’ ಎಂದು ಬಂತೆಂದರೆ ಅಲ್ಲೇ ಬೆರಳಿಡಿ, ಒಂದು ಕಡೆ ಲೆಕ್ಕ ಒಪ್ಪಿಲ್ಲವೆಂದು ಅರ್ಥ. ‘ಅಭಿಪ್ರಾಯ ನೀಡಲು ಸಾಧ್ಯವಿಲ್ಲ’ ಎಂದರೆ ನೋಡುವುದಕ್ಕೆ ಬೇಕಾದ ದಾಖಲೆಯೇ ಸಿಕ್ಕಿಲ್ಲ. ಚಿತ್ರಣ ಸತ್ಯವಲ್ಲ ಎಂದೇ ಬರೆದುಬಿಟ್ಟರೆ ಮರುದಿನವೇ ಹೋಗಿ ದುಡ್ಡು ಕೇಳಿ. ಇನ್ನು ಕೆಲವರು ಬರೆಯುವ ಧೈರ್ಯವೂ ಇಲ್ಲದೆ ನಡುವರ್ಷದಲ್ಲಿ ರಾಜೀನಾಮೆ ಕೊಟ್ಟು ಹೋಗುತ್ತಾರೆ. ಕಾರಣ ಕೇಳಿದರೆ ‘ಕೆಲಸದ ಒತ್ತಡ.’ ಇದು ಹೆಚ್ಚಾದ್ದರಿಂದಲೇ 2019ರಲ್ಲಿ ಸೆಬಿ ಕಣ್ಣು ಕೆಂಪು ಮಾಡಿ, ಷೇರುಪೇಟೆ ಕಂಪನಿ ಬಿಟ್ಟು ಹೋಗುವ ಆಡಿಟರ್ ಬಾಕಿ ವರದಿ ಮುಗಿಸಿಯೇ ಹೋಗಬೇಕೆಂದು ಕಟ್ಟು ಮಾಡಿತು.

ಪಕ್ಕದ ಜಿಲ್ಲೆಯ ನೋವು

ದೂರದ ಹೈದರಾಬಾದು ಯಾಕೆ, ಪಕ್ಕದ ಚಿಕ್ಕಮಗಳೂರನ್ನೇ ನೋಡಿ. ಕಾಫಿ ಡೇ ಕಟ್ಟಿದ ಸಿದ್ಧಾರ್ಥ 2019ರ ಜುಲೈ ಕೊನೆಯಲ್ಲಿ ನೇತ್ರಾವತಿಯ ಪಾಲಾದರು. ಸಾವಿರಾರು ಜನಕ್ಕೆ ಕೆಲಸ ಕೊಟ್ಟ ಮನುಷ್ಯನ ಸಾವಿಗೆ ಮಲೆನಾಡು ಅತ್ತಿತು. ಅವರದೆಂದು ಹೊರಬಂದ ಪತ್ರದಲ್ಲಿ ತಮ್ಮ ವ್ಯವಹಾರಗಳು ಆಡಿಟರುಗಳಿಗೂ ತಿಳಿದಿರಲಿಲ್ಲ ಎಂಬ ಮಾತಿತ್ತು. ಸತ್ತವರನ್ನು ಕೆದಕುವುದು ಈ ಅಂಕಣದ ಕೆಲಸವಲ್ಲ. ಆದರೆ ಆ ಮಾತು ಆಡಿಟರುಗಳನ್ನು ಹೊಣೆಯಿಂದ ಬಿಡಿಸುವುದಿಲ್ಲ. ಆಮೇಲೆ ನಡೆದ ತನಿಖೆಯಲ್ಲಿ ಗುಂಪಿನ ಅಂಗ ಕಂಪನಿಗಳಿಂದ 3,535 ಕೋಟಿ ರೂಪಾಯಿ ಕುಟುಂಬದ ಒಡೆತನದ ಒಂದು ಕಾಫಿ ಎಸ್ಟೇಟ್ ಕಂಪನಿಗೆ ಹೋಗಿತ್ತೆಂದು ಹೊರಬಿತ್ತು. 2023ರ ಜನವರಿಯಲ್ಲಿ ಸೆಬಿ ಮಾತೃ ಕಂಪನಿಗೆ 26 ಕೋಟಿ ದಂಡ ಹಾಕಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಗುಂಪಿನ ಲೆಕ್ಕ ನೋಡಿದವರ ಮೇಲೆ ಕೋಟಿ ರೂಪಾಯಿ ಮಟ್ಟದ ದಂಡ, ಜೊತೆಗೆ ಕೆಲವು ವರ್ಷ ಆಡಿಟ್ ಮಾಡದಂತೆ ನಿಷೇಧ ವಿಧಿಸಿತು. ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಸುತ್ತಿ ಸುತ್ತಿ ಬರುತ್ತಿದ್ದುದನ್ನು ಅವರು ಪ್ರಶ್ನಿಸಲಿಲ್ಲ ಎಂಬುದು ಆರೋಪದ ತಿರುಳು.

ಈ ಪ್ರಾಧಿಕಾರ ಹುಟ್ಟಿದ್ದೇ 2018ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಆಡಿಟರ್ ತಪ್ಪು ಮಾಡಿದರೆ ವಿಚಾರಿಸುತ್ತಿದ್ದದ್ದು ಮುಖ್ಯವಾಗಿ ಆಡಿಟರುಗಳದೇ ಸಂಸ್ಥೆ. ಮನೆ ಮಕ್ಕಳ ತಂಟೆಯನ್ನು ಮನೆಯಲ್ಲೇ ತೀರಿಸಿಕೊಂಡ ಹಾಗೆ. ಹೊಸ ಪ್ರಾಧಿಕಾರಕ್ಕೆ ಹಲ್ಲಿದೆ, ಆದರೆ ಅದು ಕಚ್ಚುವುದು ಷೇರುಪೇಟೆಯ ಮತ್ತು ಇತರ ದೊಡ್ಡ ಕಂಪನಿಗಳ ಆಡಿಟರುಗಳನ್ನು. ನಮ್ಮೂರಿನ ಪತ್ತಿನ ಸಂಘದ ಬಾಗಿಲಿಗೆ ಅದು ಬರುವುದಿಲ್ಲ.

ಬೆಂಗಳೂರಿನ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನೆನಪಿದೆಯಲ್ಲ? 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಬ್ಬೊಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಪಿಂಚಣಿದಾರರು, ಮುದುಕರು ಬೀದಿಯಲ್ಲಿ ನಿಂತರು. ಅದಕ್ಕೂ ಮುಂಚಿನ ವರ್ಷಗಳ ಲೆಕ್ಕವೆಲ್ಲ ಆಡಿಟ್ ಆಗಿಯೇ ಇತ್ತು. ಮರು ತಿಂಗಳು ಬ್ಯಾಂಕ್ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. 2021ರಿಂದ ನಗರ ಸಹಕಾರ ಬ್ಯಾಂಕುಗಳ ಆಡಿಟರ್ ನೇಮಕಕ್ಕೆ ರಿಸರ್ವ್ ಬ್ಯಾಂಕಿನ ಮುಂಗಡ ಒಪ್ಪಿಗೆ ಬೇಕು, ಒಬ್ಬರಿಗೆ ಮೂರೇ ವರ್ಷ.

ಇಲ್ಲೊಂದು ಮಾತು ಓದುಗರು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು. ಆ ಐದು ಲಕ್ಷದ ವಿಮೆ ಇರುವುದು ಬ್ಯಾಂಕುಗಳಿಗೆ. ಪತ್ತಿನ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ಎಷ್ಟೇ ದೊಡ್ಡ ಅಕ್ಷರವಿರಲಿ, ಗಾಜಿನ ಬಾಗಿಲಿರಲಿ, ಏ.ಸಿ. ಇರಲಿ, ಸಂಘ ಸಂಘವೇ. ಅಲ್ಲಿ ಇಟ್ಟ ದುಡ್ಡಿಗೆ ಹೊರಗಿನವರ ಕಾವಲು ಅಂತ ಇರುವುದು ಮುಖ್ಯವಾಗಿ ಆ ಆಡಿಟ್ ವರದಿಯೇ. ಅದನ್ನೇ ನಾವು ‘ಓದಿದೆ ಅಂತ ಭಾವಿಸೋಣ’ ಅನ್ನುತ್ತಿದ್ದೇವೆ.

ಕಂಪನಿ ಕಾಯ್ದೆಯಲ್ಲಿ ಆಡಿಟರ್ ತೆಗೆದ ಆಕ್ಷೇಪಣೆಗಳನ್ನು ಮಹಾಸಭೆಯಲ್ಲಿ ಓದಿ ಹೇಳಬೇಕೆಂದಿದೆ. ಆಡಿಟರೋ ಅವರ ಅರ್ಹ ಪ್ರತಿನಿಧಿಯೋ ಸಭೆಗೆ ಬರಬೇಕು, ಕಂಪನಿಯೇ ವಿನಾಯಿತಿ ಕೊಟ್ಟರೆ ಮಾತ್ರ ಬಿಡುಗಡೆ. ನಮ್ಮ ಸಂಘಗಳಲ್ಲೂ ಅಂಥದೊಂದು ಪದ್ಧತಿ ಹಾಕಿಕೊಳ್ಳುವುದಕ್ಕೆ ಯಾವ ದೊಡ್ಡ ಕಾನೂನೂ ಬೇಕಿಲ್ಲ. ವೇದಿಕೆ ಮೇಲೆ ಒಂದು ಕುರ್ಚಿ ಹೆಚ್ಚು ಹಾಕಬೇಕು, ಅಷ್ಟೇ. ಶಾಸಕರಿಗೆ, ಪಾಲಿಕೆ ಸದಸ್ಯರಿಗೆ ಹಾಕುವುದಿಲ್ಲವೇ?

ನಮ್ಮ ಸಂಘದ ಆಡಿಟರ್ ಒಳ್ಳೆಯವರೇ ಇರಬೇಕು. ದೃಢೀಕರಣ ಪತ್ರ ಬಂದಿಲ್ಲ ಎಂದು ಮೂವತ್ತಾರನೇ ಪುಟದಲ್ಲಾದರೂ ಬರೆದಿದ್ದಾರಲ್ಲ, ಸತ್ಯಂನಲ್ಲಿ ಅಷ್ಟೂ ಆಗಿರಲಿಲ್ಲ. ಆದರೆ ಪತ್ರ ಬರಲಿಲ್ಲವೆಂದರೆ ತಾವೇ ಬ್ಯಾಂಕಿಗೆ ಬರೆದರೇ? ಬರೆದಿದ್ದರೆ ಬ್ಯಾಂಕು ಏನು ಹೇಳಿತು? ಪತ್ರವಿಲ್ಲದೆ ಎ ಗ್ರೇಡ್ ಸಿಕ್ಕಿದ್ದು ಹೇಗೆ? ಇದನ್ನೇ ಕೇಳಲು ಸೋಮವಾರ ಸಂಘದ ಕಚೇರಿಗೆ ಫೋನು ಮಾಡಿದೆ. ಆಡಿಟರ್ ಬೆಂಗಳೂರಿಗೆ ಹೋಗಿದ್ದಾರೆ ಅಂದರು. ಬುಧವಾರ ಮಾಡಿದೆ, ಕಾರ್ಯದರ್ಶಿಗಳು ಊಟಕ್ಕೆ ಹೋಗಿದ್ದರು. ಗುರುವಾರ ಯಜಮಾನರು ತಾವೇ ಕಚೇರಿಗೆ ಹೋಗಿ, ಮೂವತ್ತಾರನೇ ಪುಟದ ಜೆರಾಕ್ಸ್ ಲಗತ್ತಿಸಿ, ಬಿಳಿ ಹಾಳೆಯಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಿದ್ದಾರೆ. ಅರ್ಜಿಯ ನಕಲು ಈಗ ಈ ಅಂಕಣಕಾರನ ಮೇಜಿನ ಮೇಲಿದೆ. ಉತ್ತರ ಬಂದ ದಿನ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ.